ಮೈಕ್ರೋಕಂಟ್ರೋಲರ್‌ಗಳ ಇಇಪ್ರಾಮ್ ಸವೆತ ಹಾಗೂ ದತ್ತಾಂಶ ಸಂರಕ್ಷಣೆ

ವಿದ್ಯುತ್ ಕಡಿತಗೊಂಡ ನಂತರವೂ ಉಳಿಯಬೇಕಾದ ಎಣಿಕೆ ಮುಂತಾದ ಅಂಕಿ-ಅಂಶಗಳನ್ನು ಕಿರು ಮೈಕ್ರೋಕಂಟ್ರೋಲರ್‌ಗಳು ಇಇಪ್ರಾಮ್ ಎಂಬ ಸ್ಮೃತಿಯಲ್ಲಿ ದಾಖಲಿಸುತ್ತವೆ. ಆರ್ಡುಯಿನೋ ಯುನೋ ಆರ್3 ಫಲಕದಲ್ಲಿರುವ ಎಟಿಮೆಗಾ328ಪಿ ಚಿಪ್‌ನಲ್ಲಿ ಇದರ ಗಾತ್ರ 1024 ಬೈಟ್‌ಗಳು. ಪ್ರತಿ ಸ್ಥಾನವನ್ನು 1,00,000 ಬಾರಿ ಅಳಿಸಿ ಬರೆಯುವ ಮಿತಿಯನ್ನು ತಯಾರಕರು ನಮೂದಿಸಿರುತ್ತಾರೆ. ಓದುವಿಕೆಗೆ ಸದರಿ ಮಿತಿಯು ಅನ್ವಯಿಸುವುದಿಲ್ಲ.

ಈ ಸಂಖ್ಯೆ ದೊಡ್ಡದೆಂದು ತೋರಿದರೂ, ಒಂದೇ ಸ್ಥಾನದಲ್ಲಿ ನಿಮಿಷಕ್ಕೊಮ್ಮೆ ಬರೆದಲ್ಲಿ ಸುಮಾರು 69 ದಿನಗಳಲ್ಲಿ ಮಿತಿ ಮುಗಿಯುತ್ತದೆ. ತದನಂತರ ಚಿಪ್ ಕೂಡಲೇ ಕೆಡದಿರಬಹುದು. ಆದರೆ ದಾಖಲೆ ಉಳಿಯುವುದೆಂಬ ಖಾತರಿ ಇರುವುದಿಲ್ಲ. ಮೌಲ್ಯ ಬದಲಾದಾಗ ಮಾತ್ರ ಬರೆಯುವ ಕ್ರಮವು ಅಪರೂಪಕ್ಕೆ ತಿದ್ದುವ ಸೆಟ್ಟಿಂಗ್‌ಗಳಿಗೆ ಸಾಕು. ಸದಾ ಬದಲಾಗುವ ಮೌಲ್ಯಕ್ಕೆ ಸಾಲದು.

ಅಂತಹ ಸಂದರ್ಭದಲ್ಲಿ ದಾಖಲೆಗಳನ್ನು ಸರದಿಯಂತೆ ಬೇರೆ ಬೇರೆ ಸ್ಥಾನಗಳಲ್ಲಿ ಬರೆಯತಕ್ಕದ್ದು. ನಗದು ಪುಸ್ತಕದಲ್ಲಿ ಒಂದೇ ಸಾಲನ್ನು ಅಳಿಸಿ ಬರೆಯದೆ ಮುಂದಿನ ಸಾಲಿಗೆ ಸಾಗುವಂತೆಯೇ ಇದು. ಒಂದು ದಾಖಲೆಯಲ್ಲಿ ಮೌಲ್ಯಕ್ಕೆ 4, ಕ್ರಮಸಂಖ್ಯೆಗೆ 2, ತಾಳೆಮೊತ್ತಕ್ಕೆ 2 ಬೈಟ್‌ಗಳನ್ನು ಮೀಸಲಿರಿಸಿದಲ್ಲಿ 128 ದಾಖಲೆಗಳಿಗೆ ಸ್ಥಳ ದೊರೆಯುತ್ತದೆ. ನಿಮಿಷಕ್ಕೊಮ್ಮೆ ಬರೆದರೂ ಮಿತಿ ತಲುಪಲು ಸುಮಾರು 24 ವರ್ಷ ಬೇಕಾಗುತ್ತದೆ.

ಉಪಕರಣವು ಪುನಃ ಚಾಲನೆಗೊಂಡಾಗ, ತಾಳೆಮೊತ್ತ ಸರಿಹೊಂದುವ ದಾಖಲೆಗಳ ಪೈಕಿ ಕೊನೆಯ ಕ್ರಮಸಂಖ್ಯೆಯುಳ್ಳದ್ದನ್ನು ಪರಿಗಣಿಸಬೇಕು. ಕ್ರಮಸಂಖ್ಯೆಯು 65535ರ ನಂತರ ಸೊನ್ನೆಗೆ ಮರಳುವುದನ್ನು ಮರೆಯಬಾರದು. ಒಂದು ಬೈಟ್ ಬರೆಯಲು 3 ಮಿಲಿಸೆಕೆಂಡಿಗೂ ಅಧಿಕ ಕಾಲ ತಗಲುವುದರಿಂದ, ನಡುವೆ ವಿದ್ಯುತ್ ಹೋದಲ್ಲಿ ಆ ದಾಖಲೆ ಅಪೂರ್ಣವಾಗುತ್ತದೆ. ಹಿಂದಿನ ದಾಖಲೆ ಲಭ್ಯವಿರುವುದರಿಂದ ನಷ್ಟವು ಸುಮಾರು ಒಂದು ನಿಮಿಷದ ಲೆಕ್ಕಕ್ಕೆ ಸೀಮಿತವಾಗಿರುತ್ತದೆ. ವೋಲ್ಟೇಜ್ ಕುಸಿದಾಗ ಚಿಪ್‌ನ ಕಾರ್ಯವನ್ನು ತಡೆಹಿಡಿಯುವ ಬ್ರೌನ್‌ಔಟ್ ಸೌಲಭ್ಯವನ್ನೂ ಸಕ್ರಿಯಗೊಳಿಸುವುದು ಅವಶ್ಯ.