ಅಕಾರಾದಿಯಲ್ಲಿ ಕೆಂಗೇರಿ

ನಾವೆಲ್ಲ ಬಾಲ್ಯದಲ್ಲಿ ಕಂಠಪಾಠ ಮಾಡಿದ ಕಾಗುಣಿತ ಕ, ಕಾ, ಕಿ, ಕೀ ಎಂದು ಸಾಗಿ ಕಂ, ಕಃ ಎಂಬಲ್ಲಿ ಮುಗಿಯುತ್ತದೆ. ಕೆಂ ಎಂಬ ಅಕ್ಷರ ಅದರಲ್ಲಿ ಎಲ್ಲಿಯೂ ಇಲ್ಲ. ಹಾಗಾದರೆ ನಾನು ವಾಸವಾಗಿರುವ ಕೆಂಗೇರಿಯ ಹೆಸರನ್ನು ಅಕಾರಾದಿಯಲ್ಲಿ ಎಲ್ಲಿ ಕೂರಿಸಬೇಕು? ವರ್ಣಮಾಲೆಯಲ್ಲಿ ಅಂ ಎಂಬುದು ಔಕಾರದ ಅನಂತರ ಬರುವುದರಿಂದ ಕೆರೆ, ಕೆಳದಿಗಳಾದ ಮೇಲೆ ಎನ್ನಬಹುದು. ಆದರೆ ಇಂದಿನ ನಿಘಂಟುಗಳು ಸಾಮಾನ್ಯವಾಗಿ ಸೊನ್ನೆಗೆ ಅಗ್ರಸ್ಥಾನ ಕೊಟ್ಟು ಕೆಂಗೇರಿಯನ್ನು ಕೆಚ್ಚಿಗಿಂತ ಮೊದಲೇ ಇಡುತ್ತವೆ. ಕಿಟ್ಟೆಲರು ಸೊನ್ನೆಯ ಬದಲು ವರ್ಗದ ಅನುನಾಸಿಕವನ್ನೇ ಬರೆದವರು. ಹಾಗೆ ‘ಕೆಙ್ಗೇರಿ’ ಎಂದು ಬರೆದರೆ ಅದರ ಜಾಗ ಘಕಾರವನ್ನು ದಾಟಿದ ಮೇಲೆ. ಒಂದು ಊರಿಗೆ ಮೂರು ಪೀಠಗಳು!

ಹಿಂದಿನವರಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ‘ರನ್ನಕಂದ’ದಂತಹ ನಿಘಂಟುಗಳು ಪದ್ಯರೂಪದವು, ಅವುಗಳನ್ನು ಬಾಯಿಪಾಠ ಮಾಡುತ್ತಿದ್ದರೇ ಹೊರತು ಪುಟ ತಿರುವಿ ಹುಡುಕುತ್ತಿರಲಿಲ್ಲ. 1832ರ ರೀವ್ ನಿಘಂಟು, 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು, 1995ರಲ್ಲಿ 8 ಸಂಪುಟಗಳಾಗಿ ಪೂರ್ಣಗೊಂಡ ಸಾಹಿತ್ಯ ಪರಿಷತ್ತಿನ ನಿಘಂಟು, ಇಂತಹ ಮುದ್ರಿತ ಗ್ರಂಥಗಳ ಕಾಲದಲ್ಲಿ ಪದದ ಅರ್ಥದಷ್ಟೇ ಅದರ ಜಾಗವೂ ಮುಖ್ಯವಾಯಿತು.

ಗಣಕಯಂತ್ರ ಬಂದ ಮೇಲೆ ಪ್ರಶ್ನೆ ಮತ್ತಷ್ಟು ಬಿಗಿಯಾಯಿತು. ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ ಮಾತ್ರ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕಿದ 1991ರ ಇಸ್ಕಿ ಸಂಕೇತದಲ್ಲಿ ಳಕಾರಕ್ಕೆ ಲಕಾರದ ಮಗ್ಗುಲಲ್ಲಿ ಜಾಗ ದೊರೆಯಿತು. ಯೂನಿಕೋಡ್ ಆ ಬಗೆಯ ಜೋಡಣೆಯನ್ನೇ ಅನುಸರಿಸಿತು. ಅಲ್ಲಿ ಲ 3250, ಳ 3251, ವ 3253, ಹ 3257. ನಮ್ಮ ರೂಢಿಯಲ್ಲಾದರೋ ಳಕಾರ ಹಕಾರದ ಅನಂತರದ್ದು. ಹದಿಮೂರನೆಯ ಶತಮಾನದ ಕೇಶಿರಾಜ ಎ, ಒ, ಱ, ೞಗಳೊಡನೆ ದೇಶೀಯವೆಂದು ಗುರುತಿಸಿದ ಅಕ್ಷರ ಅದು. ಸಂಸ್ಕೃತದ ಸಾಲು ಮುಗಿದ ಮೇಲೆ ಕನ್ನಡ ತನ್ನದೆಂದು ಸೇರಿಸಿಕೊಂಡದ್ದು. ಉಚ್ಚಾರಣೆಯ ದೃಷ್ಟಿಯಿಂದ ಲ, ಳಗಳ ನೆರೆಹೊರೆ ಸಮಂಜಸವೇ ಇರಬಹುದು. ಆದರೂ ಶತಮಾನಕ್ಕೂ ಮೀರಿದ ನಿಘಂಟುಗಳ ರೂಢಿಯನ್ನು ಯಂತ್ರದ ಅನುಕೂಲಕ್ಕಾಗಿ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಸಂಖ್ಯೆಯನ್ನೇ ನಂಬಿ ಜೋಡಿಸಿದರೆ ಬಳೇಪೇಟೆ ಬಸವನಗುಡಿಗಿಂತ ಮುಂದೆ ಬರುತ್ತದೆ, ಕಾಳಮ್ಮ ಕಾವೇರಮ್ಮನಿಗಿಂತ ಮುಂದೆ. ಕಚೇರಿಯ ಗೋಡೆಗೆ ಅಂಟಿಸಿದ ಉದ್ದನೆಯ ಪಟ್ಟಿಯಲ್ಲಿ ಕಾಳಮ್ಮ ತನ್ನ ಹೆಸರನ್ನು ಹಕಾರದ ಆಚೆ ಹುಡುಕಿ, ಕಾಣದೆ, ತನಗೆ ಪಿಂಚಣಿ ಮಂಜೂರಾಗಿಲ್ಲವೆಂದೇ ತಿಳಿದು ಮನೆಗೆ ಹೋದರೆ ಯಾರನ್ನು ದೂರೋಣ?

ಪರಿಹಾರ ಕಷ್ಟದ್ದಲ್ಲ. ಸಂಕೇತಸಂಖ್ಯೆಯ ಕ್ರಮವೇ ಅಕಾರಾದಿಯಲ್ಲವೆಂದು ಯೂನಿಕೋಡಿನವರೇ ಹೇಳಿ, ಆಯಾ ಭಾಷೆಗೆ ತಕ್ಕ ಕ್ರಮವನ್ನು ಅಳವಡಿಸುವ ವಿಧಾನವನ್ನೂ ರೂಪಿಸಿದ್ದಾರೆ. ಕ್ರಮವಿಧಿ ಬರೆಯುವವನು ಅಕ್ಷರಗಳನ್ನು ತನಗೆ ಬೇಕಾದ ಸರಣಿಯಲ್ಲಿ ಬರೆದು ಒಂದೊಂದಕ್ಕೂ ಹೊಸ ಸ್ಥಾನಾಂಕ ಕೊಡುತ್ತಾನೆ: ಹಕಾರವಾದೊಡನೆ ಳಕಾರ. ಎರಡು ಪದಗಳನ್ನು ಹೋಲಿಸುವಾಗ ಯಂತ್ರ ಮೂಲಸಂಖ್ಯೆಯನ್ನು ಬಿಟ್ಟು ಈ ಸ್ಥಾನಾಂಕವನ್ನು ನೋಡುತ್ತದೆ. ಸೊನ್ನೆಯ ಜಾಗವನ್ನೂ ಹೀಗೆಯೇ ಗೊತ್ತುಮಾಡಬಹುದು. ನನ್ನ ಮತ ನಿಘಂಟುಗಳ ಕಡೆಗೆ. ಒತ್ತಕ್ಷರಗಳಲ್ಲಿ ಅಷ್ಟು ಜಗಳವಿಲ್ಲ: ಹಲಂತದ ಸಂಖ್ಯೆ ಸ್ವರಚಿಹ್ನೆಗಳ ಅನಂತರ ಇರುವುದರಿಂದ ಕೌ ಆದ ಮೇಲೆ ಕ್ರ, ಕ್ಷಗಳು ತಾವಾಗಿಯೇ ಬರುತ್ತವೆ.

ಹಳಗನ್ನಡದ ೞಕಾರದ ಪಾಡು ಮಾತ್ರ ವಿಚಿತ್ರ. ಅದು ದೂರದ 3294ರಲ್ಲಿ ಒಂಟಿಯಾಗಿದೆ; ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ‘ಫಾ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅಲ್ಲಿಯ ನಿಯಮ. ಹೆಸರು ಹಾಗೆಯೇ ಉಳಿದರೂ ಕ್ರಮಪಟ್ಟಿಯಲ್ಲಿ ಅದನ್ನು ಳಕಾರದ ಪಕ್ಕಕ್ಕೆ ತಂದು ಕೂರಿಸಲು ಯಾವ ಅಡ್ಡಿಯೂ ಇಲ್ಲ.