ದುಡಿಮೆ, ಓದು, ಬಿಡುವು: ವಾರದ 168 ಗಂಟೆಗಳ ಲೆಕ್ಕ

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಿಂದ ಪದವಿ ಓದಲು ಹೋಗುವ ಹುಡುಗ ಹುಡುಗಿಯರಲ್ಲಿ ಅನೇಕರು ಓದಿನ ಜೊತೆಗೆ ದುಡಿಯುತ್ತಾರೆ. ಕೆಲವರು ಅಂಗಡಿಯಲ್ಲಿ ಕೆಲಸಕ್ಕಿರುತ್ತಾರೆ, ಕೆಲವರು ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಾರೆ, ಉಳಿದವರು ಮನೆಯ ಹೊಲ, ದನಕರು ನೋಡಿಕೊಳ್ಳುತ್ತಾರೆ. ಬುದ್ಧಿ ಸಾಲದೆ ಅಲ್ಲ, ಹೊತ್ತು ಸಾಲದೆ ವರ್ಷ ಕಳೆದುಕೊಳ್ಳುವವರು ಇವರಲ್ಲಿದ್ದಾರೆ. ಹೊತ್ತಿನ ಲೆಕ್ಕವನ್ನು ಪ್ರವೇಶ ಪಡೆಯುವ ಮೊದಲೇ ಹಾಕಿಕೊಂಡರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಕ್ರೆಡಿಟ್ ಎಂದರೆ ಎಷ್ಟು ಹೊತ್ತು?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. ಅಂದರೆ ಸೆಮಿಸ್ಟರಿಗೆ ಸುಮಾರು 20. ಒಂದು ಕ್ರೆಡಿಟ್ ಎಂದರೆ 15 ಗಂಟೆಯ ಪಾಠ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ಕ್ರೆಡಿಟ್ಟಿಗೆ ಒಟ್ಟು 30 ಗಂಟೆಯ ಕಲಿಕೆಯನ್ನು ನಿಗದಿ ಮಾಡಿದೆ. ತರಗತಿಯ ಹೊರಗಿನ ಓದು, ಬರಹ ಎಲ್ಲವೂ ಅದರಲ್ಲಿ ಸೇರಿವೆ. 20 ಕ್ರೆಡಿಟ್ಟಿಗೆ 600 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ.

ವಾರದಲ್ಲಿ ಇರುವುದು 168 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ನಿದ್ದೆಗೆ 56, ಊಟ, ಸ್ನಾನ, ಮನೆಗೆಲಸಕ್ಕೆ 21, ಹೋಗಿ ಬರುವ ಬಸ್ಸಿಗೆ ದಿನಕ್ಕೆರಡರಂತೆ 12, ಓದಿಗೆ 40. ಒಟ್ಟು 129. ಉಳಿಯುವುದು 39 ಗಂಟೆ ಮಾತ್ರ. ದುಡಿಮೆ, ಗೆಳೆತನ, ಆಟ, ಹಬ್ಬ ಎಲ್ಲವೂ ಇದರಲ್ಲೇ ಆಗಬೇಕು.

ವಾರಕ್ಕೆ ಆರು ದಿನ, ದಿನಕ್ಕೆ 3 ಗಂಟೆ ದುಡಿದರೆ 21 ಗಂಟೆ ಬಿಡುವು ಉಳಿಯುತ್ತದೆ. 6 ಗಂಟೆ ದುಡಿದರೆ ಇಡೀ ವಾರಕ್ಕೆ ಉಳಿಯುವುದು ಮೂರೇ ಗಂಟೆ. 8 ಗಂಟೆಯ ನೌಕರಿ ಹಿಡಿದರೆ 9 ಗಂಟೆ ಕಡಿಮೆ ಬೀಳುತ್ತದೆ. ಅದು ನಿದ್ದೆಯಿಂದ ಹೋಗಬೇಕು, ಇಲ್ಲವೇ ತರಗತಿಯಿಂದ.

ಹಾಜರಾತಿಯ ಗಡಿ

ಬಹುತೇಕ ವಿಶ್ವವಿದ್ಯಾಲಯಗಳು ಪರೀಕ್ಷೆಗೆ ಕೂಡಲು ಶೇ. 75 ಹಾಜರಾತಿ ಕೇಳುತ್ತವೆ. ಸೆಮಿಸ್ಟರಿನಲ್ಲಿ 90 ಕೆಲಸದ ದಿನಗಳೆಂದು ಹಿಡಿದರೆ ತಪ್ಪಿಸಬಹುದಾದದ್ದು 22 ದಿನ. ಜತ್ತ ಭಾಗದಲ್ಲಿ ದ್ರಾಕ್ಷಿ ಕಟಾವು, ಒಣದ್ರಾಕ್ಷಿ ಕೆಲಸ ಜೋರಾಗುವುದು ಬೇಸಿಗೆಯ ಹೊಸ್ತಿಲಲ್ಲಿ, ಅಂದರೆ ಎರಡನೆಯ ಸೆಮಿಸ್ಟರಿನ ನಡುವೆ. ಒಂದು ತಿಂಗಳು ಪೂರ್ತಿ ತೋಟಕ್ಕೆ ಹೋದರೆ ಅಷ್ಟೂ ದಿನ ಮುಗಿದುಹೋಗುತ್ತವೆ. ಆಮೇಲೆ ಜ್ವರ ಬಂದರೂ ಹಾಜರಾತಿ ತಪ್ಪುತ್ತದೆ. ಆದ್ದರಿಂದ ಸುಗ್ಗಿಯ ಕೆಲಸಕ್ಕೆ ಎಷ್ಟು ದಿನ ಎಂಬುದನ್ನು ಮನೆಯವರ ಜೊತೆ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಲೆಕ್ಕಕ್ಕೆ ಬಾರದ ಕೆಲಸ

ಗಡಿಭಾಗದ ವಿದ್ಯಾರ್ಥಿಗೆ ಇನ್ನೂ ಒಂದು ಹೊರೆಯಿದೆ. ಕನ್ನಡ ಶಾಲೆಯಲ್ಲಿ ಓದಿ ಬಂದವರು ಕಾಲೇಜಿನಲ್ಲಿ ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿ ಪಾಠ ಕೇಳಬೇಕು. ಮಾತಾಡುವ ಮರಾಠಿ ಬಂದರೂ ಪುಸ್ತಕದ ಮರಾಠಿ ಬೇರೆ. ಮೊದಲ ಸೆಮಿಸ್ಟರಿನಲ್ಲಿ ಒಂದೇ ಪಾಠವನ್ನು ಎರಡೆರಡು ಸಲ ಓದಬೇಕಾಗುತ್ತದೆ. ಆ ಆರು ತಿಂಗಳು ಹೊರಗಿನ ದುಡಿಮೆಯನ್ನು ಕಡಿಮೆ ಇಟ್ಟುಕೊಂಡರೆ ಮುಂದಿನ ದಾರಿ ಹಗುರ.

ಹೆಣ್ಣುಮಕ್ಕಳ ನೀರು, ರೊಟ್ಟಿ, ಪಾತ್ರೆಯ ಕೆಲಸಕ್ಕೆ ಪಗಾರವಿಲ್ಲ; ಅದಕ್ಕೇ ಅದನ್ನು ಯಾರೂ ದುಡಿಮೆ ಎನ್ನುವುದಿಲ್ಲ. ದಿನಕ್ಕೆ ಮೂರು ಗಂಟೆ ಅದಕ್ಕೆ ಹೋದರೆ ಅದೂ ವಾರಕ್ಕೆ 21 ಗಂಟೆಯ ಕೆಲಸವೇ. ಅಣ್ಣತಮ್ಮಂದಿರು ಅದರಲ್ಲಿ ಪಾಲು ತೆಗೆದುಕೊಂಡರೆ ಆಕೆಗೆ ಓದುವ ಹೊತ್ತು ಸಿಗುತ್ತದೆ.

ದುಡಿದು ಕಲಿಯುವ ದಾರಿ

ಮಹಾರಾಷ್ಟ್ರದಲ್ಲಿ ಇದಕ್ಕೆ ಹಳೆಯ ಪರಂಪರೆಯಿದೆ. ಕರ್ಮವೀರ ಭಾವುರಾವ್ ಪಾಟೀಲರು (1887-1959) 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, 1924ರಲ್ಲಿ ಅದನ್ನು ಸಾತಾರೆಗೆ ತಂದರು. ಅಲ್ಲಿನ ವಸತಿಗೃಹದಲ್ಲಿ ಎಲ್ಲ ಜಾತಿಯ ಬಡ ಮಕ್ಕಳೂ ಕೂಡಿ ದುಡಿದು, ಉಂಡು, ಓದಿದರು. ಆ ಮಕ್ಕಳ ಊಟಕ್ಕಾಗಿ ಪಾಟೀಲರ ಪತ್ನಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆಗಳನ್ನೇ ಕೊಟ್ಟರು. ಇಂದು ರಾಜ್ಯದ ಅನೇಕ ಕಾಲೇಜುಗಳಲ್ಲಿರುವ 'ಕಮವಾ ವ ಶಿಕಾ' ಯೋಜನೆಯ ಹಿಂದೆ ಇದೇ ವಿಚಾರವಿದೆ. ಗ್ರಂಥಾಲಯ, ಕಚೇರಿ, ತೋಟಗಳಲ್ಲಿ ತರಗತಿ ಇಲ್ಲದ ಹೊತ್ತಿನಲ್ಲಿ ಕೆಲಸ ಕೊಡುತ್ತಾರೆ. ಹಣ ಕಡಿಮೆ, ಆದರೆ ಪಾಠ ತಪ್ಪುವುದಿಲ್ಲ, ಬಸ್ಸಿನ ಹೊತ್ತೂ ಉಳಿಯುತ್ತದೆ. ಪ್ರವೇಶದ ದಿನವೇ ಕಾಲೇಜಿನಲ್ಲಿ ಈ ಬಗ್ಗೆ ವಿಚಾರಿಸಬೇಕು.

ಪೂರ್ಣ ಹೊತ್ತಿನ ನೌಕರಿ ಬಿಡಲಾಗದವರಿಗೆ ಮುಕ್ತ ವಿಶ್ವವಿದ್ಯಾಲಯ ಸರಿಯಾದ ದಾರಿ. ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯ (1989), ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (1985) ಇದಕ್ಕೆಂದೇ ಇವೆ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ನಿಯಮಿತ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಹಣ ಕಟ್ಟುವ ಮುನ್ನ ಆ ಕೋರ್ಸಿಗೆ ಯುಜಿಸಿ ಒಪ್ಪಿಗೆ ಇದೆಯೇ ಎಂದು ನೋಡಿಕೊಳ್ಳಬೇಕು. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು, ನರ್ಸಿಂಗ್ ಪದವಿಗಳಿಗೆ ಈ ದಾರಿಯಿಲ್ಲ.

ನಡುವೆ ನಿಲ್ಲಿಸಬೇಕಾಗಿ ಬಂದರೂ ಎಲ್ಲ ಮುಗಿಯಿತೆಂದಲ್ಲ. 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್ಟುಗಳು ಏಳು ವರ್ಷದವರೆಗೆ ಉಳಿಯುತ್ತವೆ. ಸದ್ದಿಲ್ಲದೆ ಕಾಲೇಜಿಗೆ ಹೋಗುವುದನ್ನು ನಿಲ್ಲಿಸುವ ಬದಲು ಪ್ರಾಧ್ಯಾಪಕರಿಗೆ ತಿಳಿಸಿ, ನಿಯಮದ ಪ್ರಕಾರ ಬಿಟ್ಟರೆ ಮರಳಿ ಬರುವುದು ಸುಲಭ.

ಬಿಡುವೂ ಬೇಕು

ವಾರಕ್ಕೊಂದು ಸಂಜೆಯನ್ನಾದರೂ ದುಡಿಮೆಗೂ ಓದಿಗೂ ಕೊಡದೆ ಉಳಿಸಿಕೊಳ್ಳಬೇಕು. ನಿದ್ದೆಗೆಟ್ಟು ಓದಿದ್ದು ಪರೀಕ್ಷೆಯಲ್ಲಿ ನೆನಪಿಗೆ ಬರುವುದಿಲ್ಲ. ಜಾತ್ರೆ, ಭಜನೆ, ಗೆಳೆಯರ ಕಟ್ಟೆ ಇವೆಲ್ಲ ಹಾಳು ಹೊತ್ತಲ್ಲ. ಮನೆಯಿಂದ ದೂರ, ಬೇರೆ ಭಾಷೆಯಲ್ಲಿ ಓದುವವರಿಗೆ ತಮ್ಮ ಮಾತಿನಲ್ಲಿ ನಾಲ್ಕು ಮಾತಾಡುವುದೂ ಒಂದು ವಿಶ್ರಾಂತಿಯೇ.