ನಮ್ಮ ಶಾಲೆಯ ಡ್ರಮ್ಮುಗಳ ದನಿ

ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರಿಗೆ ಆಧಾರಗಳ ಬರವಿಲ್ಲ. ಕುರುಗೋಡಿನಲ್ಲಿ ಶಾಸನಗಳಿವೆ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ನವಶಿಲಾಯುಗದ ನೆಲೆಯಿದೆ, ಬಳ್ಳಾರಿಯಲ್ಲಿ ಕೋಟೆಯಿದೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಿವಿಗೆ ಕೇಳುವ ಆಧಾರ ಬೇಕೆಂದರೆ ಬಳ್ಳಾರಿ ಪಕ್ಕದ ಕಪ್ಪಗಲ್ಲು ಗುಡ್ಡಕ್ಕೆ ಹೋಗಬೇಕು. ದನಗಳ ಚಿತ್ರ ಕೊರೆದ ಅಲ್ಲಿನ ಕರಿಬಂಡೆಗಳ ನಡುವೆ, ಬಡಿದು ಬಡಿದು ಕುಳಿಬಿದ್ದ ಬಂಡೆಗಳೂ ಇವೆ. ಆ ಜಾಗಕ್ಕೆ ಕಲ್ಲು ತಾಗಿಸಿದರೆ ಗಂಟೆಯಂತೆ ನಾದ ಬರುತ್ತದೆ. ನಿಕೋಲ್ ಬೋಯ್ವಿನ್ ಎಂಬ ವಿದ್ವಾಂಸೆ 2004ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಹೊರಗಿನವರಿಗೂ ಗೊತ್ತಾಯಿತು. ಕಲ್ಲುಗಣಿಯ ಕಾಟ ಅಲ್ಲಿಗೂ ತಪ್ಪಿಲ್ಲ.

ಕಲ್ಲು ಉಳಿಯಿತು, ಚರ್ಮ ಉಳಿಯುವುದಿಲ್ಲ. ದರೋಜಿಯ ಬುರ್ರಕಥಾ ಈರಮ್ಮನವರು ಓದು ಬರಹ ಕಲಿತವರಲ್ಲ. 2014ರಲ್ಲಿ ಅವರು ತೀರಿಕೊಳ್ಳುವ ಮೊದಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಥೆಗಳನ್ನು ಪುಸ್ತಕವಾಗಿಸಿದ್ದು ದೊಡ್ಡ ಕೆಲಸ. ಆದರೆ ಆ ಕಥೆಗೆ ನಡೆ ಕೊಡುತ್ತಿದ್ದ ಚರ್ಮವಾದ್ಯದ ಪೆಟ್ಟು ಅಚ್ಚಿನಲ್ಲಿ ಸಿಗುವುದಿಲ್ಲ.

ಈ ಮಾತು ನಮ್ಮ ಶಾಲೆಗೂ ಸಲ್ಲುತ್ತದೆ. ಊರವರ ವಂತಿಗೆಯಿಂದ ಕೊಂಡ ಬ್ಯಾಂಡ್ ಸೆಟ್ಟಿನಲ್ಲಿ ಈಗ ಉಳಿದಿರುವುದು ಒಂದು ದೊಡ್ಡ ಡ್ರಮ್ಮು, ಎರಡು ಸೈಡ್ ಡ್ರಮ್ಮು. ಆಗಲೇ ಅಗ್ಗದ ಮಾಲು. ಆಗಸ್ಟ್ 15ರ ಪ್ರಭಾತಫೇರಿ ಹೊರಟಿತೆಂದು ಊರಿಗೆ ಗೊತ್ತಾಗುತ್ತಿದ್ದದ್ದು ಇವುಗಳಿಂದಲೇ. ಈಗ ಅವು ಹರಾಜಿನ ಪಟ್ಟಿಯಲ್ಲಿವೆ. ಹೋಗುವ ಮುಂಚೆ ದನಿಯನ್ನಾದರೂ ಹಿಡಿದಿಡೋಣವೆಂದು ದೈಹಿಕ ಶಿಕ್ಷಕರೂ ನಾನೂ ಹೊರಟೆವು.

ಬಾರಿಸಲು ಬಂದವರು ಹಲಗೆ ಬಾರಿಸುವ ಮನೆತನದ ಹಳೆಯ ವಿದ್ಯಾರ್ಥಿ, ಈಗ ಬಳ್ಳಾರಿಯಲ್ಲಿ ಆಟೋ ಓಡಿಸುತ್ತಾರೆ. "ಮೊದ್ಲು ಬಿಸಿಲಿಗಿಡ್ರಿ ಸಾರ್, ತಂಪಿಗೆ ಚರ್ಮ ಸಡ್ಲಾಗೈತಿ" ಅಂದರು. ಹಲಗೆಯನ್ನು ಬೆಂಕಿಗೆ ಕಾಸುವ ವಿದ್ಯೆಯೇ ಇದು. ಅರ್ಧ ಗಂಟೆಯ ಬಿಸಿಲಿಗೆ ದೊಡ್ಡ ಡ್ರಮ್ಮಿನ ದನಿ ಬಿಗಿಯಾಯಿತು. ಸೈಡ್ ಡ್ರಮ್ಮಿನದು ಪ್ಲಾಸ್ಟಿಕ್ ಮುಚ್ಚಳ, ಅದಕ್ಕೆ ಬಿಸಿಲು ನಾಟುವುದಿಲ್ಲ. ಎದುರುಬದುರಿನ ತಿರುಪುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆವು. ಒಂದೇ ಕಡೆ ಬಿಗಿದರೆ ದನಿ ಒಡೆಯುತ್ತದೆ. ಗಿಲಿಗಿಲಿ ಎನ್ನುವ ಅಡಿಯ ತಂತಿಗೆ ಮಡಿಸಿದ ಕಾಗದ ಸಿಕ್ಕಿಸಿದೆವು.

ಖಾಲಿ ತರಗತಿಯಲ್ಲಿ ಪ್ರತಿ ಪೆಟ್ಟಿಗೂ ಗೋಡೆ ಮರುನುಡಿಯಿತು. ಸಿರುಗುಪ್ಪದ ರೈಸ್‌ಮಿಲ್ಲಿನಿಂದ ಗೋಣಿಚೀಲ ತಂದು ಮೂರು ಗೋಡೆಗೆ ನೇತುಹಾಕಿದ ಮೇಲೆ ಅದು ನಿಂತಿತು. ನಮ್ಮಲ್ಲಿದ್ದ ಯಂತ್ರ ಮೊಬೈಲ್ ಒಂದೇ. ಹತ್ತಿರ ಇಟ್ಟರೆ ಪೆಟ್ಟು ಕರ್ರೆನ್ನುತ್ತಿತ್ತು; ಆರಡಿ ದೂರ, ಎದೆಮಟ್ಟದಲ್ಲಿ, ತುಸು ಓರೆಯಾಗಿ ಇಟ್ಟಾಗ ಸರಿಹೋಯಿತು. ದೂರದ ಈ ಪಾಠ ಹಳೆಯದೇ. 1925ಕ್ಕೆ ಮುಂಚೆ, ಮೈಕ್ ಇಲ್ಲದೆ ತುತ್ತೂರಿಯೊಳಕ್ಕೆ ಹಾಡಿಸಿ ಗ್ರಾಮಫೋನ್ ತಟ್ಟೆ ಮಾಡುತ್ತಿದ್ದಾಗ, ಜೋರು ಪೆಟ್ಟಿಗೆ ಕೊರೆಯುವ ಸೂಜಿಯೇ ಹಾರುತ್ತಿತ್ತು. ಅದಕ್ಕೇ ಡ್ರಮ್ಮನ್ನು ದೂರ ಕೂರಿಸುತ್ತಿದ್ದರು, ಇಲ್ಲವೇ ಬಿಟ್ಟೇಬಿಡುತ್ತಿದ್ದರು.

ಒಟ್ಟು 11 ನಿಮಿಷ ಸಿಕ್ಕಿದೆ: ಕವಾಯತಿನ ನಡೆ, ಧ್ವಜವಂದನೆಯ ನಡೆ, ಆಮೇಲೆ ಅವರು ತಾವಾಗಿಯೇ ಬಾರಿಸಿದ ಹಲಗೆಯ ಗತ್ತು. ಪೆನ್‌ಡ್ರೈವ್ ಮುಖ್ಯೋಪಾಧ್ಯಾಯರ ಬೀರುವಿನಲ್ಲಿದೆ, ಕೇಳುವವರು ಕೇಳಿ ಪಡೆಯಬಹುದು. ಡ್ರಮ್ಮುಗಳ ಹರಾಜು ಇನ್ನೂ ಆಗಿಲ್ಲ.